ಜಡಿಮಳೆ ಬಡಿಯುವ ಗೋಡೆಗೆ ಲೋಹದ ಹೊದಿಕೆ: ಸ್ಟ್ಯಾಂಡಿಂಗ್ ಸೀಮ್ ಕೂರಿಸುವ ಬಗೆ

ಮಲೆನಾಡಿನಲ್ಲಿ ಮೇ ತಿಂಗಳು ಬಂತೆಂದರೆ ಜಡಿತಟ್ಟಿ ಕಟ್ಟುವ ಕೆಲಸ ಶುರುವಾಗುತ್ತಿತ್ತು. ಒಣಗಿದ ಅಡಿಕೆ ಸೋಗೆ, ಬಿದಿರಿನ ಗಳ, ಕಟ್ಟಲು ಬಳ್ಳಿ. ಪಡುವಣ ಗೋಡೆಯಿಂದ ಒಂದು ಗೇಣು ದೂರದಲ್ಲಿ ತಟ್ಟಿ ನಿಲ್ಲಿಸಿದರೆ ಮಳೆಗಾಲ ಪೂರ್ತಿ ಗೋಡೆ ಬೆಚ್ಚಗೆ. ಮಳೆ ತಟ್ಟಿಗೆ ಬಡಿದು ಸೋಗೆಯ ಮೇಲೆ ಕೆಳಗಿಳಿಯುತ್ತದೆ. ಹಿಂದಿನ ಸಂದಿಯಲ್ಲಿ ಗಾಳಿ ಆಡುತ್ತದೆ. ತಪ್ಪಿ ಒಳಗೆ ಬಂದ ಹನಿಯೂ ಅಲ್ಲೇ ಒಣಗುತ್ತದೆ.

ಈಗ ಸೋಗೆ ಹೆಣೆಯುವವರು ಕಡಿಮೆ. ಆದರೆ ಆಗುಂಬೆಯ ಸುತ್ತಮುತ್ತ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ ಏನೂ ಕಡಿಮೆಯಾಗಿಲ್ಲ. ಜಂಬಿಟ್ಟಿಗೆ ಗೋಡೆ ನೀರು ಕುಡಿಯುತ್ತದೆ, ಒಳಗಿನ ಗಿಲಾವು ಉಬ್ಬುತ್ತದೆ, ಬೀರುವಿನಲ್ಲಿಟ್ಟ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಎಷ್ಟು ಸಲ ವಾಟರ್‌ಪ್ರೂಫ್ ಬಣ್ಣ ಬಳಿದರೂ ಮೂರನೇ ವರ್ಷ ಅದೇ ಕತೆ. ಅದಕ್ಕೇ ನಮ್ಮ ಮನೆಯ ಪಡುವಣ ಗೋಡೆಗೆ ಲೋಹದ ಹೊದಿಕೆ ಹಾಕಿಸಿದೆವು. ಮೊದಲ ಸಲ ಕೆಟ್ಟಿತು. ಎರಡನೇ ಸಲ ನಾನೇ ಪಕ್ಕದಲ್ಲಿ ನಿಂತು, ಕಲಿತು, ಮಾಡಿಸಿದೆ. ಆಮೇಲೆ ನೆಂಟರ ಎರಡು ಮನೆಗಳಿಗೂ ಹಾಕಿಸಿದ್ದೇನೆ. ಆ ಅನುಭವವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸ್ಟ್ಯಾಂಡಿಂಗ್ ಸೀಮ್ ಅಂದರೆ

ಮಾಮೂಲಿ ತಗಡನ್ನು ಗೋಡೆಗೆ ಹೊಡೆಯುವಾಗ ಸ್ಕ್ರೂ ತಗಡಿನ ಮುಖವನ್ನೇ ತೂತು ಮಾಡಿ ಒಳಗೆ ಹೋಗುತ್ತದೆ. ಪ್ರತಿ ತೂತಿಗೂ ಒಂದು ರಬ್ಬರ್ ವಾಷರ್. ಬಿಸಿಲಿಗೆ ರಬ್ಬರ್ ಒಡೆದ ದಿನ ಅಲ್ಲಿಂದ ನೀರು ಇಳಿಯುತ್ತದೆ.

ಸ್ಟ್ಯಾಂಡಿಂಗ್ ಸೀಮ್‌ನಲ್ಲಿ ಮುಖದ ಮೇಲೆ ಒಂದು ತೂತೂ ಇರುವುದಿಲ್ಲ. ಪ್ರತಿ ಪಟ್ಟಿಯ ಎರಡೂ ಅಂಚನ್ನು ಸುಮಾರು 25 ಮಿ.ಮೀ. ಎತ್ತರಕ್ಕೆ ಮೇಲೆತ್ತಿ ಬಗ್ಗಿಸಿರುತ್ತಾರೆ. ಒಂದು ಪಟ್ಟಿಯ ಅಂಚು ಪಕ್ಕದ ಪಟ್ಟಿಯ ಅಂಚಿನ ಮೇಲೆ ಟೋಪಿಯ ಹಾಗೆ ಕೂರುತ್ತದೆ. ಆಮೇಲೆ ಎರಡನ್ನೂ ಸೇರಿಸಿ ಮಡಚುತ್ತಾರೆ. ಆ ಮಡಿಕೆಯೊಳಗೆ ಸ್ಟೇನ್‌ಲೆಸ್ ಸ್ಟೀಲಿನ ಕ್ಲಿಪ್ ಅಡಗಿರುತ್ತದೆ. ಸ್ಕ್ರೂ ಬೀಳುವುದು ಕ್ಲಿಪ್‌ಗೆ, ಪಟ್ಟಿಗಲ್ಲ. ಹಾಗಾಗಿ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವ ಲೋಹಕ್ಕೆ ಕ್ಲಿಪ್‌ನೊಳಗೆ ಜಾರಲು ಜಾಗ ಸಿಗುತ್ತದೆ.

ಚಾವಣಿಗೆ ಹಾಕುವಾಗ ಈ ಅಂಚನ್ನು ಎರಡು ಸಲ ಮಡಚುತ್ತಾರೆ. ಗೋಡೆಯಲ್ಲಿ ನೀರು ನಿಲ್ಲುವುದಿಲ್ಲವಲ್ಲ, ಒಂದು ಮಡಿಕೆ ಸಾಕು. ಮಡಚಿದ ಮೇಲೆ ಅದು ಮೂಲೆಮಟ್ಟದ ಆಕಾರದಲ್ಲಿ ನಿಲ್ಲುತ್ತದೆ. ನೋಡಲಿಕ್ಕೂ ಚೆಂದ, ಸಂಜೆ ಬಿಸಿಲಿಗೆ ಒಂದೊಂದು ಗೆರೆಯೂ ನೆರಳು ಬಿಡುತ್ತದೆ.

ಯಾವ ತಗಡು?

ಮಲೆನಾಡಿಗೆ, ಬಯಲುಸೀಮೆಗೆ ಬಣ್ಣ ಹಾಕಿ ಬರುವ ಗಾಲ್ವಾಲ್ಯೂಮ್ ಸಾಕು. ಇದು ಉಕ್ಕಿನ ತಗಡು. ಮೇಲೆ 55% ಅಲ್ಯೂಮಿನಿಯಂ, 43.4% ಸತು, 1.6% ಸಿಲಿಕಾನ್ ಬೆರೆತ ಲೇಪ ಇರುತ್ತದೆ. ಕೊಳ್ಳುವಾಗ ಎರಡು ವಿಷಯ ಕೇಳಿ. ಲೇಪ ಚದರ ಮೀಟರಿಗೆ 150 ಗ್ರಾಂ ಇದೆಯಾ? ಉಕ್ಕಿನ ದಪ್ಪ ಬಣ್ಣ ಬಿಟ್ಟು 0.5 ಮಿ.ಮೀ. ಇದೆಯಾ? ಅಂಗಡಿಯಲ್ಲಿ ಹೇಳುವ ದಪ್ಪದಲ್ಲಿ ಎಷ್ಟೋ ಸಲ ಬಣ್ಣವೂ ಸೇರಿರುತ್ತದೆ.

ಸಮುದ್ರದ ಹತ್ತಿರದವರು, ಅಂದರೆ ಕಾರವಾರ, ಕುಂದಾಪುರ, ಮಂಗಳೂರಿನ ದಂಡೆಯವರು, ಅಲ್ಯೂಮಿನಿಯಂ ತಗೊಳ್ಳಿ, 0.7 ಮಿ.ಮೀ. ದಪ್ಪದ್ದು. ಉಪ್ಪುಗಾಳಿಗೆ ಕತ್ತರಿಸಿದ ಉಕ್ಕಿನ ಅಂಚು ಬೇಗ ಸೋಲುತ್ತದೆ. ಬಣ್ಣದಲ್ಲಿ ಪಿವಿಡಿಎಫ್ ಅನ್ನುವುದು ಬಿಸಿಲಿಗೆ ಜಾಸ್ತಿ ಬಾಳುತ್ತದೆ, ಬೆಲೆಯೂ ಜಾಸ್ತಿ. ಪಡುವಣ ಗೋಡೆ ಮಧ್ಯಾಹ್ನದ ಮೇಲೆ ಕಾಯುತ್ತಲೇ ಇರುತ್ತದೆ, ಹಾಗಾಗಿ ಆ ದುಡ್ಡು ಸಾರ್ಥಕ. ಹೊಳೆಯುವ ಬಣ್ಣ ಬೇಡ, ಮಂಕು ಬಣ್ಣ ಇರಲಿ. ಹೊಳಪಿನ ಮೇಲೆ ತಗಡಿನ ಸಣ್ಣ ಅಲೆಯೂ ಎದ್ದು ಕಾಣುತ್ತದೆ.

ಮೊದಲು ಗೋಡೆ

ಒದ್ದೆ ಗೋಡೆಗೆ ಹೊದಿಕೆ ಹಾಕಬೇಡಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಗೋಡೆ ಒಣಗಲಿ, ಕೆಲಸ ಏಪ್ರಿಲ್‌ನಲ್ಲಿ ಹಿಡಿಯಿರಿ. ಬಿರುಕು ಇದ್ದರೆ ಮುಚ್ಚಿ. ಸಡಿಲ ಗಿಲಾವು ಉದುರಿಸಿ. ಪಾಚಿ ಇದ್ದರೆ ಬ್ರಷ್‌ನಿಂದ ತಿಕ್ಕಿ ತೆಗೆಯಿರಿ. ಹೊಸದಾಗಿ ಸಿಮೆಂಟ್ ಬಳಿದಿದ್ದರೆ ಪೂರ್ತಿ ಒಣಗುವವರೆಗೆ ಕಾಯಿರಿ. ಹಸಿ ಸಿಮೆಂಟ್ ತಗುಲಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ, ಸತುವೂ ಅಷ್ಟೇ.

ಆಮೇಲೆ ತೂಕದ ಗುಂಡು ಬಿಟ್ಟು ನೋಡಿ. ಹಳೆಯ ಗೋಡೆ ನೆಟ್ಟಗಿರುವುದು ಅಪರೂಪ. ನಮ್ಮದು ಮೂರು ಮೀಟರ್ ಎತ್ತರಕ್ಕೆ 22 ಮಿ.ಮೀ. ಹೊರಕ್ಕೆ ಬಾಗಿತ್ತು. ಇದನ್ನು ಸರಿಮಾಡುವುದು ಒಳಗಿನ ಚೌಕಟ್ಟು, ತಗಡಲ್ಲ.

ಲೆಕ್ಕ ಹಾಕುವುದು

ಇಲ್ಲಿ ಅರ್ಧ ದಿನ ಕೂತರೆ ಮುಂದೆ ನಾಲ್ಕು ದಿನ ಉಳಿಯುತ್ತದೆ. ಬಣ್ಣದ ತಗಡಿನ ಸುರುಳಿ ಸಾಮಾನ್ಯವಾಗಿ 1220 ಮಿ.ಮೀ. ಅಗಲ ಇರುತ್ತದೆ. ಅದನ್ನು ಮೂರು ಮಾಡಿದರೆ ಒಂದೊಂದು 406 ಮಿ.ಮೀ. ಎರಡು ಬದಿಯ ಮಡಿಕೆಗೆ ಸುಮಾರು 80 ಹೋಗುತ್ತದೆ. ಗೋಡೆಯ ಮೇಲೆ ಕಾಣುವ ಅಗಲ ಸುಮಾರು 325. ಎರಡೇ ಭಾಗ ಮಾಡಿದರೆ ತಗಡು ಉಳಿಯುತ್ತದೆ ನಿಜ, ಆದರೆ 500 ದಾಟಿದ ಅಗಲದ ತೆಳು ಪಟ್ಟಿ ಗೋಡೆಯ ಮೇಲೆ ಗಾಳಿಗೆ ಡಬಡಬ ಅನ್ನುತ್ತದೆ, ಅಲೆ ಅಲೆಯಾಗಿ ಕಾಣುತ್ತದೆ. ಗೋಡೆಗೆ ಕಿರಿದಾದ ಪಟ್ಟಿಯೇ ಸರಿ.

ನಮ್ಮ ಗೋಡೆ 6.9 ಮೀಟರ್, ಅಂದರೆ 22 ಅಡಿ 8 ಇಂಚಿನ ಹತ್ತಿರ. ಒಂದು ಮೂಲೆಯಿಂದ 325ರ ಪಟ್ಟಿ ಹಾಕುತ್ತಾ ಹೋದರೆ 21 ಪಟ್ಟಿಗೆ 6825 ಆಗುತ್ತದೆ. ಕೊನೆಯಲ್ಲಿ 75 ಮಿ.ಮೀ.ಯ ಒಂದು ಚೂರು ಉಳಿಯುತ್ತದೆ. ಅದನ್ನು ಬಗ್ಗಿಸಲೂ ಆಗುವುದಿಲ್ಲ, ನೋಡಲೂ ಆಗುವುದಿಲ್ಲ. ಅದರ ಬದಲು ಗೋಡೆಯ ನಡುವಿನಿಂದ ಗುರುತು ಹಾಕಿ. 20 ಪೂರ್ತಿ ಪಟ್ಟಿಗೆ 6500, ಉಳಿದ 400ನ್ನು ಎರಡು ಕೊನೆಗೂ 200, 200 ಹಂಚಿದರೆ ಮುಗಿಯಿತು. ಕಿಟಕಿಯ ಅಂಚಿಗೆ ಸರಿಯಾಗಿ ಮಡಿಕೆ ಬರದ ಹಾಗೆ ನೋಡಿಕೊಳ್ಳಿ. ಕಿಟಕಿಯ ಮೂಲೆಯಿಂದ 50 ಮಿ.ಮೀ. ಆದರೂ ದೂರ ಇರಲಿ. ಇಲ್ಲದಿದ್ದರೆ ಅಲ್ಲಿ ಅಂಚಿನ ತಗಡು ಕೂರಿಸಲು ಜಾಗವೇ ಸಿಗುವುದಿಲ್ಲ.

ಒಳಗಿನ ಚೌಕಟ್ಟು

ಮೊದಲು ಜಿ.ಐ. ಟೋಪಿ ಸೆಕ್ಷನ್‌ಗಳನ್ನು, ಅಂದರೆ ಟೋಪಿಯ ಆಕಾರಕ್ಕೆ ಬಗ್ಗಿಸಿದ ಸತು ಲೇಪದ ಉಕ್ಕಿನ ಪಟ್ಟಿಗಳನ್ನು, ಗೋಡೆಗೆ ಉದ್ದುದ್ದ ನಿಲ್ಲಿಸಿ, 600 ಮಿ.ಮೀ.ಗೆ ಒಂದರಂತೆ. ಅದರ ಮೇಲೆ ಅಡ್ಡ ಸೆಕ್ಷನ್‌ಗಳು, 400 ಮಿ.ಮೀ.ಗೆ ಒಂದು. ಕ್ಲಿಪ್ ಕೂರುವುದು ಈ ಅಡ್ಡ ಸೆಕ್ಷನ್ ಮೇಲೆ. ಅಡ್ಡದ್ದನ್ನೇ ನೇರ ಗೋಡೆಗೆ ಹೊಡೆದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಗಾಳಿಯ ದಾರಿ ಮುಚ್ಚುತ್ತದೆ. ಜಡಿತಟ್ಟಿಯ ಹಿಂದೆ ಒಂದು ಗೇಣು ಸಂದಿ ಬಿಡುತ್ತಿದ್ದುದು ಸುಮ್ನೆ ಅಲ್ಲ. ಇಲ್ಲೂ ಕೆಳಗಿನಿಂದ ಮೇಲಕ್ಕೆ ಗಾಳಿ ಹರಿಯಲು ಕನಿಷ್ಠ 25 ಮಿ.ಮೀ., ಸಾಧ್ಯವಾದರೆ 40 ಮಿ.ಮೀ. ಜಾಗ ಬಿಡಿ.

ಜಂಬಿಟ್ಟಿಗೆ ಗೋಡೆಗೆ ಚಿಕ್ಕ ಪ್ಲಗ್ ನಿಲ್ಲುವುದಿಲ್ಲ. ಕಲ್ಲಿನಲ್ಲಿ ತೂತುಗಳಿರುತ್ತವೆ, ಡ್ರಿಲ್ ಹಾಕಿದಾಗ ಪುಡಿ ಪುಡಿ ಬರುತ್ತದೆ. ಉದ್ದದ ಪ್ಲಗ್ ಬೇಕು, ಗಿಲಾವು ದಾಟಿ ಕಲ್ಲಿನೊಳಗೆ 70 ಮಿ.ಮೀ. ಆದರೂ ಹೋಗಬೇಕು. ಕಲ್ಲುಗಳ ನಡುವಿನ ಗಾರೆಗೆ ಹೊಡೆಯಬೇಡಿ. ಕೆಲಸ ಶುರುಮಾಡುವ ಮುಂಚೆ ನಾಲ್ಕೈದು ಕಡೆ ಪ್ಲಗ್ ಹಾಕಿ, ಸ್ಕ್ರೂ ಬಿಗಿದು, ಸನಿಕೆಯಿಂದ ಮೀಟಿ ನೋಡಿ. ಕಿತ್ತು ಬಂದರೆ ಅಲ್ಲಿ ಬೇರೆ ಉಪಾಯ ಬೇಕು. ಗಾಳಿ ತಗಡನ್ನು ಒಳಕ್ಕೆ ತಳ್ಳುವುದಕ್ಕಿಂತ ಹೊರಕ್ಕೆ ಎಳೆಯುವುದೇ ಅಪಾಯ, ಅದರಲ್ಲೂ ಮನೆಯ ಮೂಲೆಗಳಲ್ಲಿ. ಗಾಳಿಯ ಹೊರೆ ಲೆಕ್ಕಹಾಕುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಎರಡು ಮಹಡಿಗಿಂತ ಎತ್ತರದ ಗೋಡೆಯಾದರೆ, ಗುಡ್ಡದ ನೆತ್ತಿಯ ಮೇಲಿನ ಮನೆಯಾದರೆ, ಈ ಲೆಕ್ಕವನ್ನು ಎಂಜಿನಿಯರ್ ಹತ್ತಿರವೇ ಹಾಕಿಸಿ.

ಬಾಗಿದ ಗೋಡೆಯನ್ನು ಇಲ್ಲೇ ನೆಟ್ಟಗೆ ಮಾಡಬೇಕು. ಎರಡು ತುದಿಗೆ ದಾರ ಕಟ್ಟಿ, ಸೆಕ್ಷನ್ ಹಿಂದೆ ಪ್ಲಾಸ್ಟಿಕ್ ಬಿಲ್ಲೆ ಕೊಟ್ಟು ದಾರಕ್ಕೆ ತನ್ನಿ. ನಾನು ಇಟ್ಟುಕೊಂಡ ಲೆಕ್ಕ ಮೂರು ಮೀಟರಿಗೆ 3 ಮಿ.ಮೀ. ಅದಕ್ಕಿಂತ ಹೆಚ್ಚು ಏರುಪೇರಿದ್ದರೆ ತಗಡಿನಲ್ಲಿ ಅಲೆ ಕಾಣುತ್ತದೆ. ಚೌಕಟ್ಟನ್ನು ವೆಲ್ಡಿಂಗ್ ಮಾಡಿಸದೆ ಸ್ಕ್ರೂನಲ್ಲೇ ಜೋಡಿಸಿ. ವೆಲ್ಡಿಂಗ್ ಆದ ಕಡೆ ಸತುವಿನ ಲೇಪ ಸುಟ್ಟು, ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ಜಗುಲಿಯ ಪಕ್ಕ, ಜನ ಒರಗುವ ಕಡೆ, ಮಕ್ಕಳ ಚೆಂಡು ಬೀಳುವ ಕಡೆ ತಗಡಿನ ಹಿಂದೆ ಸಿಮೆಂಟ್ ಬೋರ್ಡ್ ಕೊಡಿ, ಇಲ್ಲದಿದ್ದರೆ ಗುಳಿ ಬೀಳುತ್ತದೆ. ಪ್ಲೈವುಡ್ ಬೇಡ. ನಮ್ಮ ಕಡೆ ಗೆದ್ದಲು ಅದನ್ನು ಬಿಡುವುದಿಲ್ಲ.

ಕೆಳಗಿನ ಅಂಚು

ನೆಲದಿಂದ 200 ಮಿ.ಮೀ. ಬಿಟ್ಟು ಶುರುಮಾಡಿ. ಸೂರಿನ ನೀರು ಅಂಗಳಕ್ಕೆ ಬಿದ್ದು ಕೆಸರು ಸಿಡಿಯುವ ಮನೆಯಾದರೆ 300 ಇರಲಿ. ಟ್ಯೂಬ್ ಲೆವೆಲ್ ಹಿಡಿದು ಮಟ್ಟ ಗುರುತಿಸಿ, ಅಲ್ಲಿ ಉದ್ದಕ್ಕೂ ಶುರುವಿನ ಪಟ್ಟಿ ಕೂರಿಸಿ. ಇದು ಕೊಕ್ಕೆಯ ಹಾಗೆ ಮುಂದಕ್ಕೆ ಬಾಗಿರುತ್ತದೆ. ಹೊದಿಕೆಯ ಪ್ರತಿ ಪಟ್ಟಿಯ ಕೆಳತುದಿಯನ್ನು 20 ಮಿ.ಮೀ. ಹಿಂದಕ್ಕೆ ಮಡಚಿ ಇದಕ್ಕೆ ಸಿಕ್ಕಿಸುವುದು. ಪೂರ್ತಿ ಒತ್ತಿ ಕೂರಿಸಬೇಡಿ, ಮಡಿಕೆಯೊಳಗೆ 8ರಿಂದ 10 ಮಿ.ಮೀ. ಖಾಲಿ ಇರಲಿ.

ಯಾಕೆ ಅಂತ ಲೆಕ್ಕ ನೋಡಿ. ನಸುಕಿನ 18 ಡಿಗ್ರಿಯಿಂದ ಮಧ್ಯಾಹ್ನ ತಗಡು 65 ಡಿಗ್ರಿಗೆ ಕಾಯಿತು ಅನ್ನಿ. 3.2 ಮೀಟರ್ ಉದ್ದದ ಉಕ್ಕಿನ ಪಟ್ಟಿ ಸುಮಾರು 1.8 ಮಿ.ಮೀ. ಬೆಳೆಯುತ್ತದೆ. ಅಲ್ಯೂಮಿನಿಯಂ ಆದರೆ ಅದರ ಎರಡರಷ್ಟು, 3.6 ಮಿ.ಮೀ. ಆ ಬೆಳವಣಿಗೆಗೆ ಜಾಗ ಕೊಡದಿದ್ದರೆ ತಗಡು ನಡುವೆ ಉಬ್ಬುತ್ತದೆ, ಸಂಜೆ ತಣಿಯುವಾಗ ಟಣ್ ಟಣ್ ಸದ್ದು ಮಾಡುತ್ತದೆ.

ಗಾಳಿ ಒಳಗೆ ಹೋಗುವ ಕೆಳಬಾಯಿಗೆ ಸ್ಟೇನ್‌ಲೆಸ್ ಜಾಲರಿ ಹಾಕಿ, ಕಣ್ಣು 3 ಮಿ.ಮೀ. ಮೀರದ್ದು. ಇಲಿ, ಹಲ್ಲಿ ಮಾತ್ರ ಅಲ್ಲ, ತುಡುವೆ ಜೇನು ಕೂಡ ಇಂತಹ ಕತ್ತಲೆ ಸಂದಿಯನ್ನೇ ಹುಡುಕಿ ಬರುತ್ತದೆ. ನೆಂಟರ ಮನೆಯಲ್ಲಿ ಒಂದು ಮೂಲೆಗೆ ಜಾಲರಿ ಬಿಟ್ಟುಹೋಗಿತ್ತು. ಎರಡೇ ತಿಂಗಳಲ್ಲಿ ಒಳಗೆ ಗೂಡು ಕಟ್ಟಿತ್ತು. ಜೇನಿಗೆ ನೋವಾಗದ ಹಾಗೆ ಬಿಡಿಸಿ ಪೆಟ್ಟಿಗೆಗೆ ತುಂಬಲು ಮೂರು ಪಟ್ಟಿ ಬಿಚ್ಚಬೇಕಾಯಿತು.

ಕತ್ತರಿಸುವುದು

ಇಲ್ಲಿ ದಯವಿಟ್ಟು ಗಟ್ಟಿಯಾಗಿ ನಿಲ್ಲಿ. ಗ್ರೈಂಡರ್ ಬೇಡ.

ನಮ್ಮ ಮನೆಯ ಮೊದಲ ಹೊದಿಕೆ ಕೆಟ್ಟದ್ದು ಇದರಿಂದಲೇ. ಕೆಲಸ ಮಾಡಿದವರು ಒಳ್ಳೆಯವರೇ, ಗೇಟು, ಗ್ರಿಲ್ಲು ಮಾಡಿ ಕೈ ಪಳಗಿದವರು. ಆ ಅಭ್ಯಾಸದಲ್ಲಿ ಪ್ರತಿ ಪಟ್ಟಿಯನ್ನೂ ಗ್ರೈಂಡರ್‌ನಿಂದ ಕತ್ತರಿಸಿದರು. ಕಿಡಿಗಳು ಪಕ್ಕದ ತಗಡುಗಳ ಮೇಲೆ ಬಿದ್ದವು. ಅವತ್ತು ಏನೂ ಕಾಣಲಿಲ್ಲ. ಒಂದು ಮಳೆಗಾಲ ಕಳೆದು ದೀಪಾವಳಿ ಹೊತ್ತಿಗೆ ಗೋಡೆಯ ತುಂಬ ಕುಂಕುಮ ಚಿಮುಕಿಸಿದ ಹಾಗೆ ಕೆಂಪು ಚುಕ್ಕಿ. ಬೆರಳಿನಿಂದ ಮುಟ್ಟಿದರೆ ಒರಟು. ಪ್ರತಿ ಕಿಡಿಯೂ ಬಣ್ಣ ಸುಟ್ಟು ಒಳಗೆ ಹೂತಿತ್ತು. ಕತ್ತರಿಸಿದ ಅಂಚುಗಳಲ್ಲಿ ಬಣ್ಣ ಸುಲಿದು ಬರುತ್ತಿತ್ತು.

ತಗಡು ಕತ್ತರಿ ಅಥವಾ ನಿಬ್ಲರ್ (ಕಿಡಿ ಹಾರಿಸದೆ ತಗಡನ್ನು ಚೂರು ಚೂರಾಗಿ ಕಚ್ಚಿ ಕತ್ತರಿಸುವ ಯಂತ್ರ) ಬಳಸಿ. ಡ್ರಿಲ್‌ನಿಂದ ಬಿದ್ದ ಲೋಹದ ಪುಡಿಯನ್ನು ಆಯಾ ಸಂಜೆಯೇ ಮೆತ್ತನೆಯ ಪೊರಕೆಯಿಂದ ಗುಡಿಸಿ. ರಾತ್ರಿಯ ಮಂಜು ಬಿದ್ದರೆ ಆ ಪುಡಿ ತುಕ್ಕು ಹಿಡಿದು ಕಲೆಯಾಗುತ್ತದೆ. ಇನ್ನೊಂದು, ಗುರುತು ಹಾಕಲು ಪೆನ್ಸಿಲ್ ಬೇಡ. ಸೀಸದಕಡ್ಡಿಯಲ್ಲಿರುವ ಗ್ರಾಫೈಟ್ ತೇವದ ಜೊತೆ ಸೇರಿ ಸತುವಿನ ಲೇಪವನ್ನು ತಿನ್ನುತ್ತದೆ. ನೀವು ಎಳೆದ ಗೆರೆಯ ಮೇಲೆಯೇ ತುಕ್ಕು ಏಳುತ್ತದೆ. ಮಾರ್ಕರ್ ಪೆನ್ ಇಟ್ಟುಕೊಳ್ಳಿ.

ಪಟ್ಟಿ ಏರಿಸುವುದು

ನಮ್ಮ ಮುಂಗಾರು ಗಾಳಿ ಬೀಸುವುದು ನೈಋತ್ಯದಿಂದ. ಆದ್ದರಿಂದ ಪಡುವಣ ಗೋಡೆಯಲ್ಲಿ ಬಡಗಣ ತುದಿಯಿಂದ ಶುರುಮಾಡಿ ತೆಂಕಣಕ್ಕೆ ಬನ್ನಿ. ಹೀಗೆ ಮಾಡಿದರೆ ಹೊಸ ಪಟ್ಟಿಯ ಟೋಪಿ ಹಳೆಯದರ ಮೇಲೆ ಬಡಗಣಕ್ಕೆ ಮಡಚುತ್ತದೆ, ಮಡಿಕೆಯ ಬಾಯಿ ಗಾಳಿಗೆ ಬೆನ್ನು ಹಾಕುತ್ತದೆ.

ಮೊದಲ ಪಟ್ಟಿಯನ್ನು ತೂಕದ ಗುಂಡಿಗೆ ಸರಿಯಾಗಿ ನಿಲ್ಲಿಸಿ. ಇದು ಒಂದು ಕೂದಲಷ್ಟು ವಾಲಿದರೂ ಇಪ್ಪತ್ತನೇ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಕೆಳತುದಿ ಕೊಕ್ಕೆಗೆ ಸಿಕ್ಕಿಸಿ, ತೆರೆದ ಅಂಚಿಗೆ ಕ್ಲಿಪ್ ಹಾಕಿ, ಕ್ಲಿಪ್ಪನ್ನು ಎರಡು ಸ್ಟೇನ್‌ಲೆಸ್ ಸ್ಕ್ರೂನಿಂದ ಅಡ್ಡ ಸೆಕ್ಷನ್‌ಗೆ ಬಿಗಿಯಿರಿ. ಪ್ರತಿ ಅಡ್ಡ ಸೆಕ್ಷನ್‌ಗೂ ಒಂದು ಕ್ಲಿಪ್. ಮನೆಯ ಮೂಲೆಯಿಂದ ಒಂದು ಮೀಟರ್‌ವರೆಗೆ ಗಾಳಿಯ ಎಳೆತ ಜಾಸ್ತಿ, ಅಲ್ಲಿ ಅಡ್ಡ ಸೆಕ್ಷನ್‌ಗಳನ್ನೇ 300ಕ್ಕೆ ಒಂದರಂತೆ ಕೊಡಿ. ಮೇಲ್ತುದಿಯ ಎರಡು ಕ್ಲಿಪ್ ಮಾತ್ರ ಗಟ್ಟಿ ಹಿಡಿಯುವಂಥವು, ಉಳಿದವೆಲ್ಲ ಜಾರುವ ಕ್ಲಿಪ್. ಅಂದರೆ ಪಟ್ಟಿ ಮೇಲಿನಿಂದ ನೇತಾಡುತ್ತದೆ, ಕೆಳಗೆ ಬೆಳೆಯುತ್ತದೆ. ಎರಡೂ ತುದಿ ಗಟ್ಟಿ ಹಿಡಿದರೆ ಜಾರುವ ಕ್ಲಿಪ್ ಹಾಕಿಯೂ ಪ್ರಯೋಜನ ಇಲ್ಲ.

ಮುಂದಿನ ಪಟ್ಟಿಯ ಟೋಪಿಯನ್ನು ಇದರ ಮೇಲೆ ಕೂರಿಸಿ, ಮೊದಲು ಕ್ಲಿಪ್ ಇರುವ ಕಡೆ ಮಾತ್ರ ಇಕ್ಕಳದಿಂದ ಹಿಡಿದು ಮಡಚಿ. ನೆಟ್ಟಗಿದೆ ಅಂತ ಖಾತ್ರಿಯಾದ ಮೇಲೆ ಉದ್ದಕ್ಕೂ ಮಡಚಿ. ತಟ್ಟಬೇಕಾದರೆ ಮರದ ಕೊಡತಿ ಬಳಸಿ, ಕಬ್ಬಿಣದ ಸುತ್ತಿಗೆ ಮುಟ್ಟಿಸಬೇಡಿ. ಪ್ರತಿ ಐದು ಪಟ್ಟಿಗೊಮ್ಮೆ ಮೇಲೆ, ನಡುವೆ, ಕೆಳಗೆ ಮೂರು ಕಡೆ ಟೇಪು ಹಿಡಿದು ನಿಮ್ಮ ಗುರುತಿಗೆ ಹೋಲಿಸಿ. ಒಂದೊಂದು ಪಟ್ಟಿಗೆ ಅರ್ಧ ಮಿಲಿಮೀಟರ್ ಹೆಚ್ಚಾದರೂ ಇಪ್ಪತ್ತಕ್ಕೆ 10 ಮಿ.ಮೀ. ಆಗುತ್ತದೆ, ಅಲ್ವಾ?

ತಗಡಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಅಂಚುಗಳಲ್ಲಿ ಕೂರಿಸುವ ಮುಂಚೆಯೇ ಬಿಡಿಸಿ, ಇಲ್ಲದಿದ್ದರೆ ಮಡಿಕೆಯೊಳಗೆ ಸಿಕ್ಕಿಕೊಳ್ಳುತ್ತದೆ. ಉಳಿದದ್ದನ್ನು ಅದೇ ವಾರ ಕೀಳಿ. ಬಿಸಿಲಿಗೆ ಕಾದರೆ ಅಂಟು ತಗಡಿಗೇ ಹತ್ತಿಕೊಂಡು ಬಿಡುತ್ತದೆ. ಪಟ್ಟಿಗಳನ್ನು ಎತ್ತುವಾಗ ಅಂಚಿನ ಮೇಲೆ ನಿಲ್ಲಿಸಿ ಇಬ್ಬರು ಹಿಡಿಯಿರಿ, ಅಡ್ಡ ಮಲಗಿಸಿದರೆ ನಡುವೆ ಮುರಿದ ಗೆರೆ ಬೀಳುತ್ತದೆ. ಕೈಗವಸು ಕಡ್ಡಾಯ. ಗಾಳಿ ಎದ್ದ ಹೊತ್ತಿನಲ್ಲಿ ಸಾರುವೆಯ ಮೇಲೆ ತಗಡು ಹಿಡಿದು ನಿಲ್ಲಬೇಡಿ.

ಕಿಟಕಿ

ಸೋರುವ ಹೊದಿಕೆಗಳು ಬಹುತೇಕ ಕಿಟಕಿಯಲ್ಲೇ ಸೋರುತ್ತವೆ. ಕ್ರಮ ಒಂದೇ: ಮೊದಲು ಕೆಳಗೆ, ಆಮೇಲೆ ಎರಡು ಪಕ್ಕ, ಕೊನೆಗೆ ಮೇಲೆ. ಹೆಂಚು ಹೊದಿಸುವ ಹಾಗೆಯೇ, ಮೇಲಿನದು ಕೆಳಗಿನದರ ಮೇಲೆ ಬರಬೇಕು.

ಕಿಟಕಿಯ ಕೆಳಗಿನ ತಗಡು ಹೊರಕ್ಕೆ ಇಳಿಜಾರಾಗಿರಲಿ. ಅದರ ಹಿಂದಿನ ಅಂಚು 25 ಮಿ.ಮೀ. ಮೇಲೆದ್ದು ಕಿಟಕಿ ಚೌಕಟ್ಟಿನ ಹಿಂದೆ ಹೋಗಬೇಕು. ಎಡ ಬಲ ತುದಿಗಳನ್ನು 20 ಮಿ.ಮೀ. ಮೇಲಕ್ಕೆ ಮಡಚಿ ತಟ್ಟೆಯ ಹಾಗೆ ಮಾಡಿ. ಈ ಎರಡು ಕಿವಿಗಳನ್ನು ಜನ ಬಿಟ್ಟೇಬಿಡುತ್ತಾರೆ. ಕಿವಿ ಇಲ್ಲದಿದ್ದರೆ ತಗಡಿನ ಮೇಲೆ ಸೇರಿದ ನೀರು ಪಕ್ಕಕ್ಕೆ ಹರಿದು ನೇರ ಗೋಡೆಗೆ ಇಳಿಯುತ್ತದೆ. ಕಿಟಕಿಯ ತಲೆಯ ಮೇಲಿನ ತಗಡಿಗೂ ಹೀಗೇ ಕಿವಿ ಕೊಡಿ, ಮುಂದಿನ ತುದಿಯನ್ನು ಕೆಳಕ್ಕೆ ಬಗ್ಗಿಸಿ, ನೀರು ಅಲ್ಲೇ ತೊಟ್ಟಿಕ್ಕಲಿ.

ತಗಡು ಕತ್ತರಿಸುವ ಮುಂಚೆ ರಟ್ಟಿನಲ್ಲಿ ಮಾಡಿ ನೋಡಿ. ನಾವು ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ, ಮಡಚಿ, ಕಿಟಕಿಯ ಮೂಲೆಗೆ ಹಿಡಿದು ನೋಡಿದೆವು. ಎರಡು ಸಲ ತಪ್ಪಾಯಿತು, ಮೂರನೇದು ಕೂತಿತು. ಅದನ್ನೇ ಅಳತೆಯಾಗಿಟ್ಟು ಬೆಂಡಿಂಗ್ ಅಂಗಡಿಗೆ ಕೊಟ್ಟೆವು. ಮೂಲೆಯ ಸಂದಿಗೆ ಸಿಲಿಕೋನ್ ಹಚ್ಚುವುದಾದರೆ ನ್ಯೂಟ್ರಲ್ ಅಂತ ಬರೆದಿರುವುದನ್ನೇ ತನ್ನಿ. ವಿನೆಗರ್ ವಾಸನೆ ಬರುವುದು ಬೇಡ, ಆ ಹುಳಿ ಲೋಹವನ್ನು ತಿನ್ನುತ್ತದೆ. ಮಡಿಕೆ ಸರಿಯಿಲ್ಲದ ಕಡೆ ಸಿಲಿಕೋನ್ ಮೆತ್ತಿ ನಂಬಿ ಕೂರಬೇಡಿ, ಅದು ಕೆಲವೇ ವರ್ಷದ ಮಾತು.

ಮೂಲೆ, ಸೂರು, ತಂತಿ

ಹೊರಮೂಲೆಗೆ ಬೇರೆ ಮೂಲೆತಗಡು ಮಾಡಿಸಿ ಪಟ್ಟಿಗಳ ಅಂಚನ್ನು ಅದಕ್ಕೆ ಸಿಕ್ಕಿಸಿ. ಸೂರಿನ ಕೆಳಗೆ 20 ಮಿ.ಮೀ. ಸಂದಿ ಬಿಟ್ಟು ಅಲ್ಲೂ ಜಾಲರಿ ಹಾಕಿ, ಒಳಗಿನ ಬಿಸಿಗಾಳಿ ಹೊರಹೋಗುವುದು ಅಲ್ಲಿಂದಲೇ. ವಿದ್ಯುತ್ ತಂತಿ ಹೊದಿಕೆಯನ್ನು ದಾಟುವ ಕಡೆ ಪೈಪಿನೊಳಗೆ ಹೋಗಲಿ, ತೂತಿನ ಅಂಚಿಗೆ ರಬ್ಬರ್ ಬಳೆ ಇರಲಿ. ಇಡೀ ಹೊದಿಕೆಗೆ ಅರ್ತಿಂಗ್ ಕೊಡಿಸುವುದನ್ನು ಎಲೆಕ್ಟ್ರಿಷಿಯನ್ ಹತ್ತಿರ ಮಾತಾಡಿ. ತಾಮ್ರದ ಪೈಪು, ತಾಮ್ರದ ತಂತಿ ಬರಿಯಾಗಿ ತಗಡಿಗೆ ತಾಗಬಾರದು. ತಾಮ್ರದ ಮೇಲೆ ಹರಿದ ನೀರು ಬಿದ್ದರೂ ಅಲ್ಯೂಮಿನಿಯಂ, ಸತು ಎರಡೂ ಕೆಡುತ್ತವೆ.

ಸಾರುವೆ ಬಿಚ್ಚುವ ಮುಂಚೆ

ತೋಟಕ್ಕೆ ನೀರು ಹಾಯಿಸುವ ಪೈಪು ತನ್ನಿ. ಒಬ್ಬರು ಮನೆಯೊಳಗೆ ಟಾರ್ಚ್ ಹಿಡಿದು ಕಿಟಕಿಯ ಹತ್ತಿರ ಕೂರಲಿ. ಇನ್ನೊಬ್ಬರು ಕೆಳಗಿನಿಂದ ಶುರುಮಾಡಿ ನೀರು ಬಿಡುತ್ತಾ ಮೇಲೆ ಹೋಗಲಿ, ಒಂದೊಂದು ಜಾಗಕ್ಕೆ ಐದು ನಿಮಿಷ. ಮೊದಲೇ ಮೇಲಿನಿಂದ ಬಿಟ್ಟರೆ ನೀರು ಎಲ್ಲೆಡೆ ಹರಿದು, ಸೋರಿದ್ದು ಎಲ್ಲಿಂದ ಅಂತ ಗೊತ್ತಾಗುವುದಿಲ್ಲ. ಹೊದಿಕೆಯ ಹಿಂದೆ ಇಳಿದ ನೀರು ಕೆಳಗಿನ ಜಾಲರಿಯಿಂದ ಹೊರಬಂದರೆ ಚಿಂತೆ ಇಲ್ಲ, ಅದಕ್ಕೇ ಆ ದಾರಿ ಬಿಟ್ಟದ್ದು. ಒಳಗಿನ ಗೋಡೆಯಲ್ಲಿ ಒಂದು ಹನಿ ಕಂಡರೂ ಆ ಪಟ್ಟಿ ಅವತ್ತೇ ಬಿಚ್ಚಿ. ನಮ್ಮಲ್ಲಿ ಅಡುಗೆಮನೆ ಕಿಟಕಿಯ ಎಡಮೂಲೆಯಲ್ಲಿ ಹನಿ ಕಂಡಿತು. ಬಿಚ್ಚಿ ನೋಡಿದರೆ ಕಿವಿ ಮಡಚುವುದು ಒಂದು ಕಡೆ ಮರೆತುಹೋಗಿತ್ತು. ಹೊಸ ತಗಡು ಮಾಡಿಸಿ ಹಾಕಿ, ಮರುದಿನ ಅದೇ ಮೂಲೆಗೆ ಕಾಲು ಗಂಟೆ ನೀರು ಬಿಟ್ಟು ನೋಡಿ, ಒಳಗೆ ಒಣಗಿದೆ ಅಂತ ಕೂಗಿ ಹೇಳಿದ ಮೇಲೆಯೇ ಸಾರುವೆಯ ಹಗ್ಗ ಬಿಚ್ಚಿದೆವು.